ಎರಡು ಸಲ ವಾಪಸ್ ಕರೆದ ಕಾರು

ಬಸವೇಶ್ವರನಗರದ ಓದುಗರೊಬ್ಬರ ಪತ್ರ ಇದು. ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ. ಕಾರು ಕಂಪನಿಯ ಹೆಸರನ್ನು ನಾವೇ ತೆಗೆದಿದ್ದೇವೆ.

"ಸಂಪಾದಕರೇ, ನಾನು ನಿವೃತ್ತ ಗಣಿತ ಟೀಚರ್. ನಮ್ಮ ಯಜಮಾನರು 1996ರಲ್ಲಿ ಮೊದಲ ಕಾರು ಕೊಂಡಾಗಿನಿಂದ ಮನೆಗೆ ಬಂದಿದ್ದೆಲ್ಲ ಒಂದೇ ಕಂಪನಿಯದು. ಈಗಿರುವುದು ಮೂರನೆಯದು, 2022ರಲ್ಲಿ ಕೊಂಡಿದ್ದು. ಇದನ್ನು ಎರಡು ಸಲ ವಾಪಸ್ ಕರೆದರು. ಮೊದಲನೇ ಸಲ ಶೋರೂಮಿನಿಂದ ಫೋನ್ ಬಂತು. ಎರಡನೇ ಸಲ ಮಗ ವಾಟ್ಸಾಪ್‌ನಲ್ಲಿ ಸುದ್ದಿ ತೋರಿಸಿದ ಮೇಲೆ ನಾವೇ ಹೋಗಿ ಕೇಳಿದೆವು. ಪಾರ್ಟ್ ಬಂದಿಲ್ಲ, ಮೂರು ವಾರ ಬಿಟ್ಟು ಬನ್ನಿ ಎಂದರು. ಅಲ್ಲಿಯವರೆಗೆ ಗಾಡಿ ಓಡಿಸಬಹುದಾ ಎಂದರೆ ಉತ್ತರವಿಲ್ಲ. ಕಾರಿನ ಅಡಿಗೆ ಕೋಟಿಂಗ್ ಮಾಡಿಸ್ತೀರಾ ಎಂದು ಕೇಳಿದರು. ಮಗ ಮಾರಿಬಿಡೋಣ ಅಂತಾನೆ. ಪಕ್ಕದ ಮನೆಯವರು 'ಕರೆದ್ರಲ್ಲ, ಖುಷಿ ಪಡಿ' ಅಂತಾರೆ. ಯಾರ ಮಾತು ಕೇಳಲಿ? ಹೋದ ತಿಂಗಳ ನಿಮ್ಮ 'ಕಾರು ಕೊಳ್ಳುವವರಿಗೆ' ಲೇಖನದಲ್ಲಿ ಮೈಲೇಜು, ಡಿಕ್ಕಿ, ಸನ್‌ರೂಫ್ ಎಲ್ಲ ಇತ್ತು, ಈ ವಿಷಯ ಒಂದು ಸಾಲೂ ಇರಲಿಲ್ಲ. ಹಿಂದಿನ ರಕ್ಷಾಪುಟದಲ್ಲಿ ಅದೇ ಕಂಪನಿಯ ಜಾಹೀರಾತು ಮಾತ್ರ ಬಹಳ ಚೆನ್ನಾಗಿ ಬಂದಿತ್ತು."

ಮೇಡಂ, ನಮಸ್ಕಾರ.

ಕೊನೆಯ ಸಾಲಿನ ಏಟಿಗೆ ಮೊದಲು ಉತ್ತರ ಕೊಡುತ್ತೇನೆ. ನಮ್ಮ ಪತ್ರಿಕೆ ನಡೆಯುವುದು ಜಾಹೀರಾತಿನ ದುಡ್ಡಿನಲ್ಲಿ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಆ ಲೇಖನದಲ್ಲಿ ರೀಕಾಲ್ ವಿಷಯ ಬರದೇ ಇದ್ದಿದ್ದು ಅದಕ್ಕಲ್ಲ. ನನಗೆ ಹೊಳೆಯಲೇ ಇಲ್ಲ. ಇದು ಇನ್ನೂ ನಾಚಿಕೆಗೇಡು ಅಂತ ನೀವು ಅಂದರೆ ಎದುರು ಮಾತಾಡುವುದಿಲ್ಲ. ಕಂಪನಿಯ ಹೆಸರು ತೆಗೆದಿದ್ದಕ್ಕೆ ಕಾರಣ, ಅವರ ಕಡೆಯ ಮಾತು ಇನ್ನೂ ನಮ್ಮ ಕೈಗೆ ಬಂದಿಲ್ಲ.

ಇನ್ನೊಂದು ತಪ್ಪೂ ನಮ್ಮದೇ. ರೀಕಾಲ್ ಎನ್ನುವುದಕ್ಕೆ ನಾವು ಪತ್ರಿಕೆಯವರು 'ಸಾವಿರಾರು ಕಾರು ವಾಪಸ್' ಎಂದು ತಲೆಬರಹ ಕೊಟ್ಟುಬಿಡುತ್ತೇವೆ. ಓದಿದವರಿಗೆ ಕಂಪನಿ ಕಾರನ್ನೇ ತಗೊಂಡು ದುಡ್ಡು ಕೊಡುತ್ತದೇನೋ ಎನಿಸುತ್ತದೆ. ನಡೆಯುವುದು ಅದಲ್ಲ. ಒಂದು ಪಾರ್ಟ್‌ನಲ್ಲಿ ದೋಷ ಇರಬಹುದು, ತನ್ನಿ, ನೋಡಿ ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಎನ್ನುತ್ತಾರೆ. ಎಷ್ಟೋ ಸಲ ಬೆಳಗ್ಗೆ ಬಿಟ್ಟ ಗಾಡಿ ಸಂಜೆಗೆ ಮನೆಗೆ ಬಂದಿರುತ್ತದೆ.

ಈಗ ನಿಮ್ಮ ಮಗ ಮತ್ತು ಪಕ್ಕದ ಮನೆಯವರ ಜಗಳ. ಇಬ್ಬರೂ ಎಣಿಸುತ್ತಿರುವುದು ಒಂದನ್ನೇ, ಎಷ್ಟು ಸಲ ಕರೆದರು ಅಂತ. ನೀವು ಗಣಿತದವರು, ನಿಮಗೆ ಬೇರೆ ಲೆಕ್ಕ ಕೊಡುತ್ತೇನೆ. ದೋಷ ಕಂಪನಿಗೆ ಗೊತ್ತಾದ ದಿನ ಒಂದು, ನಿಮಗೆ ಹೇಳಿದ ದಿನ ಇನ್ನೊಂದು. ಕಳೆಯಿರಿ. ನಾನು ನೋಡುವುದು ಈ ಉತ್ತರವನ್ನು.

ಅಮೆರಿಕದ ಜನರಲ್ ಮೋಟಾರ್ಸ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2014ರಲ್ಲಿ ಆ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಕರೆಯಿತು. ದೋಷ ಇದ್ದಿದ್ದು ಕೀ ತಿರುಗಿಸುವ ಇಗ್ನಿಷನ್ ಸ್ವಿಚ್‌ನಲ್ಲಿ. ಕೀಯನ್ನು ಜಾಗದಲ್ಲಿ ಹಿಡಿದು ನಿಲ್ಲಿಸುವ ಸ್ಪ್ರಿಂಗಿಗೆ ಬಲ ಸಾಲುತ್ತಿರಲಿಲ್ಲ. ಮಂಡಿ ತಗುಲಿದರೆ, ಕೀ ಗೊಂಚಲು ಭಾರವಾಗಿದ್ದರೆ, ಓಡುತ್ತಿರುವ ಗಾಡಿಯಲ್ಲೇ ಕೀ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ಆಫ್. ಸ್ಟೀರಿಂಗ್ ಗಟ್ಟಿ. ಆಗ ಎಲ್ಲಿಗಾದರೂ ಗುದ್ದಿದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳುವುದಿಲ್ಲ. ನಮ್ಮ ಕೀ ಗೊಂಚಲುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಮನೆಯದು, ಗೇಟಿನದು, ಬೀರುವಿನದು, ಜೊತೆಗೆ ಧರ್ಮಸ್ಥಳದಿಂದ ತಂದ ಹಿತ್ತಾಳೆಯ ಮಂಜುನಾಥ.

ಕಂಪನಿಯ ಒಳಗೆ ಇದು ಹತ್ತು ವರ್ಷದಿಂದ ಗೊತ್ತಿತ್ತು. 2006ರಲ್ಲಿ ಸ್ವಿಚ್ಚನ್ನು ಸದ್ದಿಲ್ಲದೆ ಸರಿ ಮಾಡಿದರು. ಸರಿ ಮಾಡಿದವರು ಪಾರ್ಟ್ ನಂಬರ್ ಬದಲಾಯಿಸಲಿಲ್ಲ! ಹಳೆಯ ಸ್ವಿಚ್ಚಿಗೂ ಹೊಸದಕ್ಕೂ ಒಂದೇ ನಂಬರ್. ಹಳೇ ಕಾರುಗಳಷ್ಟೇ ಯಾಕೆ ಹೀಗೆ ನಿಲ್ಲುತ್ತವೆ ಎಂದು ಆಮೇಲೆ ಹುಡುಕಿದವರಿಗೆ ಎಷ್ಟೋ ಕಾಲ ಬುಡವೇ ಸಿಗಲಿಲ್ಲ. ಕೊನೆಗೆ ಪರಿಹಾರ ನಿಧಿಯವರು ಒಪ್ಪಿಕೊಂಡ ಸಾವು 124. 2015ರಲ್ಲಿ 90 ಕೋಟಿ ಡಾಲರ್ ದಂಡ. ಎರಡು ಸಲ ಕರೆದ ಕಂಪನಿಗಿಂತ ಹತ್ತು ವರ್ಷ ಕರೆಯದ ಕಂಪನಿ ನನಗೆ ಭಯ ಹುಟ್ಟಿಸುವುದು ಇದಕ್ಕೇ.

ನಮ್ಮಲ್ಲಿ ನಡೆದ ಎರಡು ರೀಕಾಲ್‌ಗಳಿಗೂ ಇದೇ ಥರದ ಲೆಕ್ಕ ಹಾಕಿ ನೋಡಿ. ದೋಷ ಗೊತ್ತಾದ ದಿನ ನನಗೆ ಗೊತ್ತಿಲ್ಲ, ಹಾಗಾಗಿ ಕಾರು ತಯಾರಾದ ದಿನದಿಂದ ಎಣಿಸೋಣ. ಎರಡೂ ಮಾರುತಿ ಸುಜುಕಿಯವರದು. 2023ರ ಜನವರಿ 18ರಂದು 17,362 ಕಾರುಗಳನ್ನು ಏರ್‌ಬ್ಯಾಗ್ ಕಂಟ್ರೋಲರ್‌ಗಾಗಿ (ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಿಸುವ ಪಾರ್ಟ್) ಕರೆದರು. ಅವು ತಯಾರಾಗಿದ್ದು 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ನಡುವೆ. ಅಂದರೆ ಕೊನೆಯ ಕಾರು ಹೊರಬಿದ್ದ ಆರೇ ದಿನಕ್ಕೆ ಹೇಳಿದರು. ಪಾರ್ಟ್ ಬದಲಾಯಿಸುವವರೆಗೆ ಓಡಿಸಲೇಬೇಡಿ ಅಂತಲೂ ಹೇಳಿದರು. ಇನ್ನೊಂದು 2021ರ ಸೆಪ್ಟೆಂಬರ್‌ನದು. ಸಿಯಾಜ್, ಎರ್ಟಿಗಾ, ಬ್ರೆಜಾ, ಎಸ್-ಕ್ರಾಸ್, ಎಕ್ಸ್‌ಎಲ್6 ಸೇರಿ 1,81,754 ಪೆಟ್ರೋಲ್ ಕಾರು, ಮೋಟಾರ್ ಜನರೇಟರ್ ಯೂನಿಟ್ (ಎಂಜಿನ್‌ಗೆ ನೆರವಾಗುತ್ತ ಕರೆಂಟನ್ನೂ ತಯಾರಿಸುವ ಪಾರ್ಟ್) ಪರೀಕ್ಷೆಗೆ. ಅವು 2018ರ ಮೇಯಿಂದ 2020ರ ಅಕ್ಟೋಬರ್‌ವರೆಗೆ ತಯಾರಾದವು. ಮೊದಲ ಕಾರು ಹೊರಬಂದು ಮೂರು ವರ್ಷ ದಾಟಿತ್ತು. ಇದರಲ್ಲಿ ಮುಚ್ಚಿಟ್ಟರು ಅಂತ ನಾನು ಹೇಳುತ್ತಿಲ್ಲ. ಕೆಲವು ದೋಷ ಕಾಣಿಸಿಕೊಳ್ಳಲು ರಸ್ತೆ ಮೇಲೆ ನಾಲ್ಕು ಮಳೆಗಾಲ ಬೇಕು. ಒಂದೇ ಕಂಪನಿಯ ಎರಡು ರೀಕಾಲ್ ಕೂಡ ಒಂದೇ ಥರ ಇರುವುದಿಲ್ಲ, ಅಷ್ಟೇ.

ಮಳೆ ಎಂದಾಗ ನೆನಪಾಯಿತು. ಆ 2021ರ ರೀಕಾಲ್‌ನಲ್ಲಿ ಪಾರ್ಟ್ ಬದಲಾಯಿಸುವ ಕೆಲಸ ಶುರುವಾಗುವುದು ನವೆಂಬರ್ ಮೊದಲ ವಾರದಲ್ಲಿ ಎಂದಿದ್ದರು. ಅಲ್ಲಿಯವರೆಗೆ ನೀರು ನಿಂತ ಕಡೆ ಗಾಡಿ ಓಡಿಸಬೇಡಿ, ಎಲೆಕ್ಟ್ರಿಕಲ್ ಭಾಗಗಳ ಮೇಲೆ ನೇರವಾಗಿ ನೀರು ಹೊಡೆಯಬೇಡಿ ಎಂದು ಸಲಹೆ. ಸೆಪ್ಟೆಂಬರ್, ಅಕ್ಟೋಬರ್, ಅದೂ ಬೆಂಗಳೂರಿನಲ್ಲಿ! ನಡುವೆ ಆಯುಧ ಪೂಜೆ ಬೇರೆ. ಊರಿಗೆ ಊರೇ ಬಾನೆಟ್ ಎತ್ತಿ, ಪೈಪ್ ಹಿಡಿದು ನಿಲ್ಲುವ ದಿನ. ಆ ವರ್ಷ ನವೆಂಬರ್ ಕೊನೆಯಲ್ಲಿ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಲ್ಲಿ ದೋಣಿ ಓಡಾಡಿದ್ದು ನೆನಪಿರಬೇಕು. ಆದರೂ ಆ ಸಲಹೆಯನ್ನು ನಾನು ಕೊಂಕು ಮಾಡುವುದಿಲ್ಲ. ಪಾಲಿಸುವುದು ಕಷ್ಟ, ಆದರೆ ಏನು ಮಾಡಬಾರದು ಅಂತ ಬಾಯಿಬಿಟ್ಟು ಹೇಳಿದ್ದರು. ನಿಮ್ಮ ಕೌಂಟರಿನಲ್ಲಿ ಸಿಗದೇ ಇದ್ದಿದ್ದು ಅದೇ ಅಲ್ವಾ?

ಟೊಯೊಟಾ ವಿಷಯ ಚುಟುಕಾಗಿ. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುತ್ತದೆ, ಮ್ಯಾಟ್ ತೊಡರುತ್ತದೆ ಎಂದು ಲಕ್ಷಗಟ್ಟಲೆ ಕಾರು ಕರೆದರು. ಕಂಪನಿಯ ಮುಖ್ಯಸ್ಥ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹೋಗಿ ಕ್ಷಮೆ ಕೇಳಿದರು. 2012ಕ್ಕೆ ಮಾರಾಟದಲ್ಲಿ ಮತ್ತೆ ಜಗತ್ತಿಗೇ ಮೊದಲ ಸ್ಥಾನ. ಗಿರಾಕಿಗಳು ಪೆಡಲನ್ನು ಕ್ಷಮಿಸಿಬಿಟ್ಟಿದ್ದರು. ಅಲ್ಲಿನ ಸರ್ಕಾರ ಬಿಡಲಿಲ್ಲ. 2014ರಲ್ಲಿ 120 ಕೋಟಿ ಡಾಲರ್ ಕಟ್ಟಿಸಿತು. ಅದು ಜನರಿಗೆ ಪೂರ್ತಿ ವಿಷಯ ಹೇಳದೆ ದಾರಿ ತಪ್ಪಿಸಿದ್ದಕ್ಕೆ.

ಮಗ ಬೇರೆ ಕಂಪನಿಯ ಕಾರು ತರೋಣ ಎನ್ನುತ್ತಿರಬಹುದು. ತರಲಿ, ಆದರೆ ಒಂದು ಮಾತು ಅವನಿಗೆ ತಿಳಿದಿರಲಿ. ಗ್ರಿಲ್ ಮೇಲಿನ ಲಾಂಛನ ಬೇರೆಯಾದ ಮಾತ್ರಕ್ಕೆ ಒಳಗಿನ ಪಾರ್ಟ್ ಬೇರೆ ಆಗುವುದಿಲ್ಲ. ಜಪಾನಿನ ಟಕಾಟಾ ಎಂಬ ಒಂದೇ ಕಂಪನಿಯ ಏರ್‌ಬ್ಯಾಗು ಹೊಂಡಾ, ಟೊಯೊಟಾ, ಬಿಎಂಡಬ್ಲ್ಯು, ಫೋರ್ಡ್ ಎಲ್ಲರ ಕಾರಿನಲ್ಲೂ ಇತ್ತು. ಬ್ಯಾಗು ಉಬ್ಬಿಸಲು ಅದರೊಳಗೆ ಹೊತ್ತಿಸುವ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ಸೆಖೆಗೆ, ತೇವಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡು ಕೆಡುತ್ತಿತ್ತು. ಕೆಟ್ಟದ್ದು ಹೊತ್ತಿದಾಗ ಲೋಹದ ಡಬ್ಬಿಯೇ ಸಿಡಿದು ಚೂರು ಮುಖಕ್ಕೆ ಬರುತ್ತಿತ್ತು. 2008ರಲ್ಲಿ ಹೊಂಡಾದ ನಾಲ್ಕು ಸಾವಿರ ಕಾರಿನಿಂದ ಶುರುವಾದ ರೀಕಾಲ್ ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗ್‌ಗೆ ಮುಟ್ಟಿತು. ಟಕಾಟಾ 2017ರಲ್ಲಿ ದಿವಾಳಿ. ಅಷ್ಟು ದೂರ ಯಾಕೆ, ಮೇಲೆ ಹೇಳಿದ 2023ರ ಏರ್‌ಬ್ಯಾಗ್ ಕಂಟ್ರೋಲರ್‌ಗೆ ಅದೇ ವಾರ ಟೊಯೊಟಾದವರೂ 1,390 ಗ್ಲಾನ್ಜಾ, ಹೈರೈಡರ್ ಕರೆದರು. ಹೈರೈಡರೂ ಮಾರುತಿಯ ಗ್ರ್ಯಾಂಡ್ ವಿಟಾರಾವೂ ತಯಾರಾಗುವುದು ಒಂದೇ ಕಡೆ, ನಮ್ಮ ಬಿಡದಿಯಲ್ಲಿ. ತಟ್ಟೆ ಇಡ್ಲಿ ತಿನ್ನಲು ಹೋದಾಗ ನೀವೂ ಆ ಕಾರ್ಖಾನೆಯ ದಾರಿ ದಾಟಿರುತ್ತೀರಿ.

ಕಾನೂನು ನಿಮ್ಮ ಕಡೆ ಎಷ್ಟಿದೆ? ಮೊದಲಿಗಿಂತ ಜಾಸ್ತಿ ಇದೆ. 2010ರಲ್ಲಿ ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಬಿದ್ದಾಗ ಟಾಟಾದವರು ಪುಕ್ಕಟೆಯಾಗಿ ಹೆಚ್ಚಿನ ರಕ್ಷಣೆ ಅಳವಡಿಸಿ ಕೊಟ್ಟರು, ಆದರೆ ಇದು ರೀಕಾಲ್ ಅಲ್ಲ ಎಂದು ಒತ್ತಿ ಹೇಳಿದ್ದರು. ಆ ಪದ ಕಂಡರೆ ಅಷ್ಟು ಅಂಜಿಕೆ ಆಗ. 2012ರಲ್ಲಿ ಕಾರು ತಯಾರಕರ ಸಂಘ ಸಿಯಾಮ್ ತಾನಾಗೇ ಒಂದು ನೀತಿ ಮಾಡಿಕೊಂಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯ. ಸರ್ಕಾರವೇ ರೀಕಾಲ್ ಮಾಡಿಸಬೇಕಾಗಿ ಬಂದರೆ 10 ಲಕ್ಷದಿಂದ 1 ಕೋಟಿವರೆಗೆ ದಂಡ. ಕಂಪನಿ ತಾನೇ ಮುಂದೆ ಬಂದು ಹೇಳಿದರೆ ದಂಡ ಇಲ್ಲ. ಈ ಕೊನೆಯದು ನನಗೆ ಹಿಡಿಸಿದೆ, ಹೇಳಿದವರಿಗೇ ಬರೆ ಹಾಕಿದರೆ ಮುಂದೆ ಯಾರು ಹೇಳುತ್ತಾರೆ? ಆದರೆ 1 ಕೋಟಿ ದೊಡ್ಡ ಕಂಪನಿಗೆ ಏನು ಮಹಾ? ಜಯನಗರದಲ್ಲಿ ಒಂದು ಫ್ಲ್ಯಾಟ್ ಬರಲ್ಲ ಆ ದುಡ್ಡಿಗೆ.

ನನ್ನದೇ ಒಂದು ಅನುಭವ ಹೇಳುತ್ತೇನೆ, ಬೇರೆ ಕಂಪನಿಯದು. ಮೈಸೂರು ರಸ್ತೆಯ ಸರ್ವಿಸ್ ಸೆಂಟರಿಂದ ಗಾಡಿ ತರುವಾಗ ಜಾಬ್ ಕಾರ್ಡ್ ಕೆಳಗೆ ಒಂದು ಸಾಲು ಕಂಡಿತು. ಬ್ರೇಕ್‌ಗೆ ಸಂಬಂಧಪಟ್ಟ ಪಾರ್ಟ್ ಬದಲಾವಣೆ, ಚಾರ್ಜ್ ಸೊನ್ನೆ. ಇದೇನು ಎಂದು ಕೇಳಿದೆ. "ಕಂಪನಿ ಕ್ಯಾಂಪೇನ್ ಸಾರ್, ತಲೆ ಕೆಡಿಸ್ಕೋಬೇಡಿ" ಎಂದ ಅಡ್ವೈಸರ್ ಹುಡುಗ. ರೀಕಾಲ್‌ಗೆ ಅವನಿಟ್ಟ ಹೆಸರು ಅದು. ಹಿಂದಿನ ತಿಂಗಳಷ್ಟೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದಿದ್ದೆ. ಮೈ ಉರಿಯಿತು. ಮ್ಯಾನೇಜರನ್ನು ಕರೆಸಿ ಕೂಗಾಡಿದೆ. ಮನೆಗೆ ಬಂದು ಫೋನ್ ತೆಗೆದು ನೋಡುತ್ತೇನೆ, ಮೆಸೇಜ್ ಎರಡು ತಿಂಗಳ ಹಿಂದೆಯೇ ಬಂದಿತ್ತು. ಇಂಗ್ಲಿಷಿನಲ್ಲಿ, ಎರಡು ಸಾಲು. ಅದರ ಮೇಲೊಂದು ಎಕ್ಸ್‌ಚೇಂಜ್ ಮೇಳ, ಕೆಳಗೊಂದು ದಸರಾ ಆಫರ್, ಎಲ್ಲ ಅದೇ ನಂಬರಿನಿಂದ. ನಾನು ಓದಿರಲಿಲ್ಲ. ವರ್ಷವಿಡೀ ಸುಮ್ನೆ ಆಫರ್ ಕಳಿಸುವ ನಂಬರಿನಿಂದಲೇ 'ನಿಮ್ಮ ಬ್ರೇಕ್ ನೋಡಬೇಕು' ಅಂತಲೂ ಕಳಿಸಿದರೆ ಯಾರು ಓದುತ್ತಾರೆ? ಕ್ಯಾಬ್ ಓಡಿಸುವ ಎಷ್ಟು ಜನ ಆ ಇಂಗ್ಲಿಷ್ ಓದಿ ತಿಳಿದುಕೊಂಡಾರು? ಕನ್ನಡದಲ್ಲಿ ಒಂದು ಫೋನ್ ಮಾಡಲು ಎಷ್ಟು ಖರ್ಚು? ಮರುದಿನ ಮ್ಯಾನೇಜರಿಗೆ ಫೋನ್ ಮಾಡಿ ಕೂಗಾಡಿದ್ದರಲ್ಲಿ ಅರ್ಧ ಹಿಂದಕ್ಕೆ ತಗೊಂಡೆ. ಇನ್ನರ್ಧ ಹಾಗೇ ಇದೆ.

ಹಾಗಾಗಿ ಎರಡನೇ ಸಲ ನಿಮಗೆ ಫೋನ್ ಬರಲಿಲ್ಲ ಎನ್ನುವುದನ್ನು ನಾನು ಸಣ್ಣದೆಂದು ಬಿಡುವುದಿಲ್ಲ. ಮೊದಲ ರೀಕಾಲ್‌ನಲ್ಲಿ ನಿಮ್ಮ ಕಂಪನಿ ಪಾಸು. ಎರಡನೆಯದರಲ್ಲಿ ದೋಷ ಕಂಡುಹಿಡಿದವರು ತಮ್ಮ ಕೆಲಸ ಮಾಡಿದ್ದಾರೆ, ಕೌಂಟರಿನಲ್ಲಿ ಕೂತವರು ಫೇಲು. ನೀವು 1996ರಿಂದ ನಂಬಿದ್ದು ಯಾರನ್ನು ಎಂದು ಯೋಚಿಸಿ. ಕಾರು ಮಾಡಿದವರನ್ನು ನೀವು ನೋಡಿಯೇ ಇಲ್ಲ. ನಿಮ್ಮ ಪಾಲಿಗೆ ಕಂಪನಿ ಎಂದರೆ ಆ ಕೌಂಟರೇ.

ಕಾರನ್ನು ಈಗ ಮಾರಬೇಡಿ. ಪಾರ್ಟ್ ಬದಲಾಯಿಸದೆ ಮಾರಿದರೆ ದೋಷ ಇನ್ಯಾರದೋ ಮನೆಗೆ ಹೋಗುತ್ತದೆ, ಕಂಪನಿಯ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರೇ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರುಗಳು ರೀಕಾಲ್‌ನಿಂದ ತಪ್ಪಿಸಿಕೊಳ್ಳುವುದು ಹೀಗೇ. ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ದೊಡ್ಡ ಕಂಪನಿಗಳ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ ನೋಡಬಹುದು. ವಾಟ್ಸಾಪಿನಲ್ಲಿ ಬರುವ ಸುದ್ದಿ 'ಎತ್ತು ಈಯಿತು' ಅನ್ನುವ ಥರದ್ದೇ ಜಾಸ್ತಿ, ಅದನ್ನು ನೋಡಿ ಕೊಟ್ಟಿಗೆಗೆ ಕಟ್ಟಲು ಹೋಗಬೇಡಿ. ಆಮೇಲೆ ಕಂಪನಿಯ ಮುಖ್ಯ ಕಚೇರಿಗೆ ಒಂದು ಇಮೇಲ್ ಹಾಕಿ. ಒಂದೇ ಪ್ರಶ್ನೆ ಸಾಕು: ಪಾರ್ಟ್ ಬರುವವರೆಗೆ ಈ ಗಾಡಿ ಓಡಿಸಬಹುದೇ, ಇಲ್ಲವೇ? ಉತ್ತರ ಬರಹದಲ್ಲಿ ಬೇಕು ಎನ್ನಿ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದರಾಚೆ ಜಿಲ್ಲಾ ಗ್ರಾಹಕರ ಆಯೋಗ. ಕೆಲಸ ಆದ ದಿನ ಜಾಬ್ ಕಾರ್ಡಿನಲ್ಲಿ ಏನು ಬದಲಾಯಿಸಿದರು ಎಂದು ಬರೆಸಿಕೊಂಡು, ಆ ಹಾಳೆಯನ್ನು ಇನ್ಶೂರೆನ್ಸ್ ಜೊತೆ ಇಡಿ.

ಆ ಇಮೇಲಿಗೆ ಎಷ್ಟು ದಿನಕ್ಕೆ ಉತ್ತರ ಬಂತು ಎಂದು ನಮಗೂ ತಿಳಿಸಿ. ನಾಲ್ಕನೇ ಕಾರು ಯಾವುದು ಎನ್ನುವುದನ್ನು ಅದರ ಮೇಲೇ ನಿರ್ಧರಿಸಿದರೂ ತಪ್ಪಿಲ್ಲ. ಇದೇ ಪ್ರಶ್ನೆಯನ್ನು ನಾವೂ ಕಂಪನಿಗೆ ಕಳಿಸಿದ್ದೇವೆ. ಬಂದ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಹಿಂದಿನ ರಕ್ಷಾಪುಟದಲ್ಲಿ ಯಾರಿದ್ದರೂ ಸರಿ.

ಅಂದಹಾಗೆ, ಆ ಕೋಟಿಂಗ್ ಮಾಡಿಸಬೇಡಿ. ಅದು ಉಪ್ಪುಗಾಳಿಗೆ ತುಕ್ಕು ಹಿಡಿಯುವ ಊರುಗಳಲ್ಲಿ ಕೇಳಬೇಕಾದ ಮಾತು. ಬಸವೇಶ್ವರನಗರಕ್ಕೆ ಇನ್ನೂ ಸಮುದ್ರ ಬಂದಿಲ್ಲ.