ಕಾಗದ ಬಿಟ್ಟುಕೊಡಬೇಕು, ತಾಮ್ರ ಹಿಡಿದುಕೊಳ್ಳಬೇಕು

ಪ್ರಶ್ನೆ: ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಎರಡನೇ ವರ್ಷದಲ್ಲಿದ್ದೇನೆ. 555 ಟೈಮರ್ ಐಸಿಯ ಸರ್ಕ್ಯೂಟಿಗೆ ಮನೆಯಲ್ಲೇ ಪಿಸಿಬಿ (ತಂತಿಗಳ ಬದಲು ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಬೋರ್ಡ್) ಮಾಡೋಣವೆಂದು ನಮ್ಮ ಇಂಕ್‌ಜೆಟ್‌ನಲ್ಲಿ ಫೋಟೊ ಪೇಪರ್ ಮೇಲೆ ಪ್ರಿಂಟ್ ತೆಗೆದು, ತಾಮ್ರದ ಬೋರ್ಡಿನ ಮೇಲೆ ಅರ್ಧ ಗಂಟೆ ಇಸ್ತ್ರಿ ಹಾಕಿದೆ. ಒಂದು ಗೆರೆಯೂ ಅಂಟಲಿಲ್ಲ. ಯಾವ ಪ್ರಿಂಟರ್, ಯಾವ ಕಾಗದ ಬೇಕು? ಹೊಸ ಪ್ರಿಂಟರ್ ಕೊಡಿಸಲು ಮನೆಯಲ್ಲಿ ಒಪ್ಪುವುದಿಲ್ಲ.
- ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅರ್ಧ ದಿನ ಇಸ್ತ್ರಿ ಹಾಕಿದ್ದರೂ ಅದು ಅಂಟುತ್ತಿರಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಇಂಕ್‌ಜೆಟ್‌ನ ಶಾಯಿ ಕಾಗದಕ್ಕೆ ಇಂಗಿಹೋಗುತ್ತದೆ, ಬಿಸಿಗೆ ಕರಗುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ಲೇಸರ್ ಪ್ರಿಂಟರಿನ ಟೋನರ್ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಪ್ರಿಂಟರಿನೊಳಗೆ ಬಿಸಿಮಾಡುವ ಭಾಗವಾದ ಫ್ಯೂಸರ್ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ; ನಿಮ್ಮ ಇಸ್ತ್ರಿ ಪೆಟ್ಟಿಗೆ ಅದನ್ನೇ ಮತ್ತೆ ಕರಗಿಸಿ ತಾಮ್ರಕ್ಕೆ ದಾಟಿಸುತ್ತದೆ. ಆಮೇಲೆ ಬೇಡದ ತಾಮ್ರವನ್ನು ಕರಗಿಸಲು ಬೋರ್ಡನ್ನು ಮುಳುಗಿಸುವ ಫೆರಿಕ್ ಕ್ಲೋರೈಡ್ ದ್ರಾವಣ ಪ್ಲಾಸ್ಟಿಕ್ಕನ್ನು ಮುಟ್ಟದು, ಹಾಗಾಗಿ ಅದರಡಿಯ ತಾಮ್ರ ಉಳಿಯುತ್ತದೆ.

ಪ್ರಿಂಟರ್ ಕೊಳ್ಳಲೇಬೇಡಿ. ಝೆರಾಕ್ಸ್ ಅಂಗಡಿಗೆ ಹೋಗಿ ಎಚ್‌ಪಿ ಲೇಸರ್‌ಜೆಟ್ 1020 ಅಥವಾ ಕ್ಯಾನನ್ ಎಲ್‌ಬಿಪಿ 2900 ಇದೆಯಾ ನೋಡಿ. ಎರಡರ ಒಳಗೂ ಒಂದೇ ಬಗೆಯ ಯಂತ್ರ. ಇವುಗಳ ಟೋನರ್ ಇಸ್ತ್ರಿಯ ಬಿಸಿಗೆ ಚೆನ್ನಾಗಿ ಕರಗುತ್ತದೆ, ಕಪ್ಪೂ ದಟ್ಟವಾಗಿ ಬರುತ್ತದೆ. ಇನ್ನೊಂದು ಅನುಕೂಲ, ಒಂದೊಂದೇ ಹಾಳೆಯನ್ನು ಮುಂದಿನಿಂದ ಕೈಯಾರೆ ತೂರಿಸಬಹುದು. ಟೋನರ್ ಉಳಿಸುವ ಮೋಡ್ ತೆಗೆಸಿ, ಡೆನ್ಸಿಟಿ ಪೂರ್ತಿ ಏರಿಸಲು ಹೇಳಿ. ರೀಫಿಲ್ ಕಾರ್ಟ್ರಿಜ್ ಆದರೆ ಮೊದಲು ಸಾದಾ ಹಾಳೆಯಲ್ಲಿ ಒಂದು ಕಪ್ಪು ಚೌಕ ತೆಗೆಸಿ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳು ಕಂಡರೆ ಬೇರೆ ಅಂಗಡಿ ಹುಡುಕಿ.

ಇನ್ನು ಕಾಗದ. ಬರೆಯುವುದಕ್ಕೆ ಒಳ್ಳೆಯ ಕಾಗದವೆಂದರೆ ಶಾಯಿಯನ್ನು ಹಿಡಿದಿಟ್ಟುಕೊಳ್ಳುವಂಥದ್ದು. ನಮಗೆ ಬೇಕಾದದ್ದು ಬಿಟ್ಟುಕೊಡುವ ಕಾಗದ. ಸಾದಾ ಎ4 ಹಾಳೆಯಲ್ಲಿ ಟೋನರ್ ನಾರಿನೊಳಗೆ ಸಿಕ್ಕಿಕೊಳ್ಳುತ್ತದೆ. ಮಿರುಗುವ ಪತ್ರಿಕೆಗಳ ಒಳಪುಟಕ್ಕೆ ಬಿಳಿ ಜೇಡಿಮಣ್ಣಿನ ಲೇಪವಿರುತ್ತದೆ, ಟೋನರ್ ಆ ಲೇಪದ ಮೇಲೇ ಕೂರುತ್ತದೆ, ನೀರಿನಲ್ಲಿ ಲೇಪ ಸಡಿಲವಾಗುತ್ತದೆ. ಕಾರು, ಒಡವೆಗಳ ಜಾಹೀರಾತು ಬರುವ ಪುಟಗಳು ನನ್ನ ಮೊದಲ ಆಯ್ಕೆ. ಅದರ ಮೇಲಿನ ಮುದ್ರಣದ ಬಣ್ಣದಿಂದ ತೊಂದರೆಯಿಲ್ಲ. ಮುಖಪುಟ ಮಾತ್ರ ಬೇಡ, ಅದಕ್ಕೆ ಪ್ಲಾಸ್ಟಿಕ್ ಪೊರೆ ಹಾಕಿರುತ್ತಾರೆ.

ಆ ಪೊರೆಯ ವಿಷಯಕ್ಕೆ ಒತ್ತಿ ಹೇಳಲು ಕಾರಣವಿದೆ. ನಾನು ಲ್ಯಾಬ್‌ನಲ್ಲಿದ್ದಾಗ ಒಮ್ಮೆ ದಪ್ಪ ಫೋಟೊ ಪೇಪರನ್ನು ಲೇಸರ್ ಪ್ರಿಂಟರಿಗೆ ಕೊಟ್ಟೆ. ಅದರ ಪಾಲಿಥೀನ್ ಪದರ ಫ್ಯೂಸರಿಗೆ ಸುತ್ತಿಕೊಂಡು ಕರಗಿತು, ಫ್ಯೂಸರಿನ ಫಿಲ್ಮನ್ನೇ ಬದಲಿಸಬೇಕಾಯಿತು. ಅಂಗಡಿಯವರ ಯಂತ್ರಕ್ಕೆ ಹೀಗಾಗಬಾರದು. ಫೋಟೊ ಪೇಪರ್ ಬಳಸುವುದಾದರೆ ಮೊದಲು ಮೂಲೆ ಹರಿದು ನೋಡಿ. ಹರಿದ ಅಂಚಿನಲ್ಲಿ ತೆಳುವಾದ ಪ್ಲಾಸ್ಟಿಕ್ ಎಳೆದುಕೊಂಡು ಬಂದರೆ ಅದನ್ನು ಪ್ರಿಂಟರಿನ ಹತ್ತಿರವೂ ಒಯ್ಯಬೇಡಿ. ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆಯಲ್ಲಿ ಹಳದಿ ಟ್ರಾನ್ಸ್‌ಫರ್ ಹಾಳೆ ಕೇಳಿ ನೋಡಿ. ಅದು ಚೆನ್ನಾಗಿ ಬಿಟ್ಟುಕೊಡುತ್ತದೆ, ಆದರೆ ಮಡಚಿದರೆ ಟೋನರ್ ಉದುರುತ್ತದೆ.

ಅಳತೆ ನೋಡದೆ ಇಸ್ತ್ರಿ ಹಾಕಬೇಡಿ. "ಪುಟಕ್ಕೆ ಹೊಂದಿಸು" ಎಂಬುದನ್ನು ತೆಗೆದು 100 ಪ್ರತಿಶತ ಇಡಿಸಿ. ನಿಮ್ಮ ಎಂಟು ಕಾಲಿನ 555 ಐಸಿಯೇ ಅಳತೆಪಟ್ಟಿ: ಒಂದು ಸಾಲಿನ ಮೊದಲ ಕಾಲಿನಿಂದ ಕೊನೆಯ ಕಾಲಿಗೆ 7.62 ಮಿಮೀ, ಸಾಲಿನಿಂದ ಸಾಲಿಗೂ ಅಷ್ಟೇ. ಪ್ರಿಂಟಿನ ಮೇಲಿಟ್ಟರೆ ಕಾಲುಗಳು ಚುಕ್ಕೆಗಳ ಮೇಲೇ ಕೂರಬೇಕು. ಕಂಪ್ಯೂಟರಿನ ವಿನ್ಯಾಸದಲ್ಲಿ ತಾಮ್ರದ ಪದರದಲ್ಲಿ ಒಂದು ಅಕ್ಷರವನ್ನೂ ಬರೆದಿಡಿ. ಅದು ಕಾಗದದ ಮೇಲೆ ತಿರುಗುಮುರುಗಾಗಿ ಕಂಡರೆ ಬೋರ್ಡಿನ ಮೇಲೆ ಸರಿಯಾಗಿ ಬರುತ್ತದೆ.

ಪ್ರಶ್ನೆ: ಲೇಸರ್ ಪ್ರಿಂಟೇ ತೆಗೆಸಿದ್ದೆ. ಕಾಗದ ಸುಲಿಯುವಾಗ ಗೆರೆಗಳೂ ಕಿತ್ತುಬಂದವು. ಏಕೆ?
- ಓದುಗ, ಪುತ್ತೂರು

ಉತ್ತರ: ನೀವು ಸುಲಿದಿರಿ, ಅದಕ್ಕೆ. ಬೋರ್ಡ್ ತಣಿದ ಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಾಲು ಗಂಟೆ ಮುಳುಗಿಸಿಡಿ. ಕಾಗದ ನೆನೆದು ಅದರಡಿಯ ಕಪ್ಪು ಗೆರೆಗಳು ಮಸುಕಾಗಿ ಕಾಣತೊಡಗುತ್ತವೆ. ಆಗ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ. ನೆನೆದ ಕಾಗದ ಶ್ಯಾವಿಗೆಯಂತೆ ಸುರುಳಿ ಸುರುಳಿಯಾಗಿ ಬಿಟ್ಟುಬರುತ್ತದೆ. ಎಲ್ಲಾದರೂ ಬಿಗಿಯೆನಿಸಿದರೆ ಮತ್ತೆ ಐದು ನಿಮಿಷ ನೀರಿಗೆ ಬಿಡಿ. ಹಾಗೆ ಮಾಡಿಯೂ ಗೆರೆ ಎದ್ದರೆ ತಾಮ್ರದಲ್ಲಿ ಜಿಡ್ಡಿದ್ದಿರಬಹುದು. ಇಸ್ತ್ರಿಗೆ ಮೊದಲು ಸ್ಕ್ರಬರ್‌ನಿಂದ ತಿಕ್ಕಿ ತೊಳೆದು ಒಣಗಿಸಿ, ಅಂಚು ಮಾತ್ರ ಹಿಡಿಯಿರಿ. ಬೆರಳಿನ ಒಂದು ಗುರುತು ಸಾಕು, ಟೋನರ್ ಕೂರದಿರಲು.

ಒಣಗಿದ ಮೇಲೆ ಬಿಳಿ ನಾರು ಎದ್ದು ಕಾಣುತ್ತದೆ. ಗೆರೆಯ ಮೇಲಿದ್ದರೆ ಇರಲಿ. ಎರಡು ಗೆರೆಗಳ ನಡುವೆ ಉಳಿದರೆ ಅಲ್ಲಿ ತಾಮ್ರ ಕರಗದೆ ಶಾರ್ಟ್ ಆಗುತ್ತದೆ, ಹಳೆಯ ಟೂತ್‌ಬ್ರಷ್‌ನಿಂದ ಬಿಡಿಸಿ. ತುಂಡಾದ ಗೆರೆಯನ್ನು ಪರ್ಮನೆಂಟ್ ಮಾರ್ಕರ್‌ನಿಂದ ತಿದ್ದಬಹುದು.

ಪ್ರಶ್ನೆ: ಇಸ್ತ್ರಿ ಬದಲು ಲ್ಯಾಮಿನೇಷನ್ ಮೆಷಿನ್ ಆಗುತ್ತದೆಯೇ?
- ಓದುಗರು, ಧಾರವಾಡ

ಉತ್ತರ: ಆಗುತ್ತದೆ, ಒತ್ತಡ ಎಲ್ಲೆಡೆ ಸಮನಾಗಿ ಬೀಳುತ್ತದೆ. ಒಂದೇ ಸಲಕ್ಕೆ ಬಿಸಿ ಸಾಲದು, ಹತ್ತಾರು ಸಲ ಹಾಯಿಸಿ. ಸಾಮಾನ್ಯ 1.6 ಮಿಮೀ ಬೋರ್ಡ್ ಸಣ್ಣ ಮೆಷಿನ್‌ಗಳಲ್ಲಿ ತೂರದೆ ಇರಬಹುದು, 0.8 ಮಿಮೀ ಬೋರ್ಡ್ ತನ್ನಿ.