ಸದಸ್ಯತ್ವದ ಕಾರ್ಡು, ಮನೆಯ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮನೆಸಾಮಾನಿನ ಖರ್ಚಿನ ಪ್ರಶ್ನೆ ಪದೇಪದೇ ಬರುತ್ತಿರುತ್ತದೆ. ವಾರ್ಷಿಕ ಶುಲ್ಕ ಕಟ್ಟಿದವರಿಗೆ ದೊಡ್ಡ ಅಳತೆಯಲ್ಲಿ ಸಾಮಾನು ಮಾರುವ, ಕಾಸ್ಟ್‌ಕೋದಂತಹ ವೇರ್‌ಹೌಸ್ ಕ್ಲಬ್ಬುಗಳ ಬಗೆಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ): ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕಳೆದ ವರ್ಷ ಕಾಸ್ಟ್‌ಕೋ ಸದಸ್ಯರಾದೆವು. ಅಲ್ಲಿ ಎಲ್ಲವೂ ಅಗ್ಗ ಎನ್ನುತ್ತಾರೆ, ಆದರೆ ನಮ್ಮ ತಿಂಗಳ ಖರ್ಚು ಇಳಿಯುವ ಬದಲು ಏರಿದೆ. ಸದಸ್ಯತ್ವವನ್ನು ಮುಂದುವರಿಸಬೇಕೇ?

ಉತ್ತರ: ಅಂಗಡಿಯಲ್ಲಿ ಬೆಲೆ ಕಡಿಮೆಯಿರುವುದೂ ನಿಜ, ನಿಮ್ಮ ಖರ್ಚು ಏರಿರುವುದೂ ನಿಜ. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂಬುದನ್ನು ತಿಳಿಯಲು ಆ ಮಳಿಗೆ ಲಾಭ ಗಳಿಸುವ ಬಗೆಯನ್ನು ನೋಡಬೇಕು. ಸಾಮಾನಿನ ಕೊಂಡ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 14, ತನ್ನದೇ ‘ಕರ್ಕ್‌ಲ್ಯಾಂಡ್’ ಹೆಸರಿನ ಸಾಮಾನಿನ ಮೇಲೆ ಶೇ 15, ಇದಕ್ಕಿಂತ ಹೆಚ್ಚು ಏರಿಸಬಾರದೆಂಬುದು ಕಾಸ್ಟ್‌ಕೋ ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಪದ್ಧತಿ. ಹಾಗಾದರೆ ಲಾಭ ಎಲ್ಲಿಂದ? 2024ನೆಯ ಆರ್ಥಿಕ ವರ್ಷದಲ್ಲಿ ಸಂಸ್ಥೆಗೆ ಸದಸ್ಯತ್ವ ಶುಲ್ಕದಿಂದ ಬಂದದ್ದು ಸುಮಾರು 483 ಕೋಟಿ ಡಾಲರ್, ಆ ವರ್ಷದ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್. ಎಂದರೆ ನೀವು ಒಂದು ಡಬ್ಬಿಯನ್ನೂ ಕೊಳ್ಳುವ ಮೊದಲೇ ಅಂಗಡಿ ತನ್ನ ಲಾಭದ ದೊಡ್ಡ ಪಾಲನ್ನು ಪಡೆದಿರುತ್ತದೆ. ನಿಮ್ಮ ಪಾಲಿನದನ್ನು ನೀವು ವರ್ಷವಿಡೀ ಒಂದೊಂದೇ ಬಿಲ್ಲಿನಲ್ಲಿ ಗಳಿಸಿಕೊಳ್ಳಬೇಕು.

2024ರ ಸೆಪ್ಟೆಂಬರ್ 1ರಿಂದ ಸಾಮಾನ್ಯ ಸದಸ್ಯತ್ವಕ್ಕೆ ವರ್ಷಕ್ಕೆ 65 ಡಾಲರ್. ತಿಂಗಳಿಗೆ ಐದೂವರೆ ಡಾಲರಿನಷ್ಟಾಗುವ ಈ ಮೊತ್ತವನ್ನು ಮರಳಿ ಪಡೆಯುವುದು ಕಷ್ಟವಲ್ಲ. ನಿಮ್ಮ ಖರ್ಚನ್ನು ಏರಿಸಿರುವುದು ಶುಲ್ಕವಲ್ಲ, ಮೊದಲು ಕೊಳ್ಳದೇ ಇದ್ದ ಸಾಮಾನನ್ನು ಈಗ ಕೊಳ್ಳುತ್ತಿರುವುದು. ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಸದಸ್ಯತ್ವವಿಲ್ಲದಿದ್ದರೂ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದ ಸಾಮಾನಿಗೆ ಮಾತ್ರ ಗುರುತು ಹಾಕಿ. ಉಳಿತಾಯದ ಲೆಕ್ಕ ಆ ಗುರುತಿನ ಸಾಲುಗಳಲ್ಲಷ್ಟೇ ಇದೆ. ಗುರುತಿಲ್ಲದ ಸಾಲುಗಳಲ್ಲಿ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದು ಖರ್ಚೇ. ನಾನು ನೋಡಿರುವ ಹಲವು ಮನೆಗಳ ಬಿಲ್ಲುಗಳಲ್ಲಿ ಈ ಎರಡನೆಯ ಬಗೆಯ ಸಾಲುಗಳು ಮೊದಲನೆಯದಕ್ಕಿಂತ ಉದ್ದವಾಗಿದ್ದವು.

ಕಾಸ್ಟ್‌ಕೋ ಬಂಕಿನಲ್ಲಿ ಕಾರಿಗೆ ಹಾಕಿಸುವ ಗ್ಯಾಸಿನ, ಎಂದರೆ ಪೆಟ್ರೋಲಿನ, ವಿಷಯವನ್ನೂ ಇದೇ ರೀತಿ ಲೆಕ್ಕ ಹಾಕಬೇಕು. ಗ್ಯಾಲನ್ನಿಗೆ 25 ಸೆಂಟ್ ಕಡಿಮೆ ಎಂದಿಟ್ಟುಕೊಂಡರೆ, ತಿಂಗಳಿಗೆ 30 ಗ್ಯಾಲನ್ ಹಾಕಿಸುವ ಮನೆಗೆ ವರ್ಷಕ್ಕೆ 90 ಡಾಲರ್ ಉಳಿಯುತ್ತದೆ. ಶುಲ್ಕ ಅಲ್ಲಿಗೇ ತೀರಿತು. ಆದರೆ ಅದು ಬಂಕು ನಿಮ್ಮ ದಾರಿಯಲ್ಲೇ ಇದ್ದರೆ ಮಾತ್ರ. ಅದಕ್ಕೆಂದೇ ಹೋಗಿ ಬರಲು 20 ಮೈಲಿ ಓಡಿಸಿದರೆ, ಗ್ಯಾಲನ್ನಿಗೆ 25 ಮೈಲಿ ಕೊಡುವ ಕಾರು 0.8 ಗ್ಯಾಲನ್ ಸುಡುತ್ತದೆ, ಗ್ಯಾಲನ್ನಿಗೆ 4.50 ಡಾಲರಿನ ದರದಲ್ಲಿ ಅದು 3.60 ಡಾಲರ್. 12 ಗ್ಯಾಲನ್ ತುಂಬಿಸಿ ಉಳಿಸಿದ್ದು 3 ಡಾಲರ್.

ಮೂರು ತಿಂಗಳ ಲೆಕ್ಕವೂ ನಿಮ್ಮ ವಿರುದ್ಧವೇ ನಿಂತರೆ ಸಂಕೋಚ ಬೇಡ. ಸದಸ್ಯತ್ವ ತೃಪ್ತಿ ಕೊಡದಿದ್ದರೆ ಯಾವಾಗ ಬೇಕಾದರೂ ರದ್ದುಪಡಿಸಿ ಶುಲ್ಕವನ್ನು ಪೂರ್ತಿ ಮರಳಿ ಕೊಡುವುದಾಗಿ ಕಾಸ್ಟ್‌ಕೋ ತನ್ನ ನಿಯಮದಲ್ಲೇ ಹೇಳಿಕೊಂಡಿದೆ. ಇಬ್ಬರೇ ಇರುವ ಮನೆಗೆ ಸದಸ್ಯತ್ವ ಅಗತ್ಯವೇನಲ್ಲ.

ಪ್ರಶ್ನೆ (ಸನ್ನಿವೇಲ್, ಕ್ಯಾಲಿಫೋರ್ನಿಯಾ): ಪ್ರತಿ ಬಾರಿ ಬಿಲ್ಲು ಕಟ್ಟುವಾಗ ಎಕ್ಸಿಕ್ಯೂಟಿವ್ ಸದಸ್ಯತ್ವಕ್ಕೆ ಬದಲಾಯಿಸಿಕೊಳ್ಳಿ ಎನ್ನುತ್ತಾರೆ. ಶೇ 2ರಷ್ಟು ಹಣ ಮರಳಿ ಬರುತ್ತದೆಯಂತೆ. ಲಾಭವಿದೆಯೇ?

ಉತ್ತರ: ಎಕ್ಸಿಕ್ಯೂಟಿವ್ ಸದಸ್ಯತ್ವಕ್ಕೆ 130 ಡಾಲರ್, ಎಂದರೆ 65 ಡಾಲರ್ ಹೆಚ್ಚು. ಶೇ 2ರ ದರದಲ್ಲಿ ಆ 65 ಡಾಲರ್ ಮರಳಿ ಬರಬೇಕಾದರೆ ವರ್ಷಕ್ಕೆ 3,250 ಡಾಲರಿನ, ತಿಂಗಳಿಗೆ ಸುಮಾರು 271 ಡಾಲರಿನ ಖರೀದಿ ಆಗಬೇಕು. ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಗ್ಯಾಸು, ಫುಡ್ ಕೋರ್ಟಿನ ತಿಂಡಿ, ಅಂಚೆಚೀಟಿ, ತಂಬಾಕು ಈ ಲೆಕ್ಕಕ್ಕೆ ಸೇರುವುದಿಲ್ಲ. ತಿಂಗಳಿಗೆ 400 ಡಾಲರ್ ಅಲ್ಲಿ ಖರ್ಚಾಗುತ್ತದೆ ಎಂದುಕೊಂಡ ಮನೆಯಲ್ಲಿ 120 ಡಾಲರ್ ಗ್ಯಾಸಿನದೇ ಆಗಿದ್ದರೆ ಉಳಿಯುವುದು 280. ವರ್ಷದ ಕೊನೆಗೆ ಬರುವುದು 67 ಡಾಲರ್ ಚಿಲ್ಲರೆ. ಹೆಚ್ಚು ಕಟ್ಟಿದ್ದು 65.

ಈ ಹಣ ಒಂದು ವರ್ಷಕ್ಕೆ ಗರಿಷ್ಠ 1,250 ಡಾಲರ್. ಅದು ಪ್ರತಿ ಬಿಲ್ಲಿನಲ್ಲಿ ಕಡಿತವಾಗಿ ಬರುವುದಿಲ್ಲ, ವರ್ಷಕ್ಕೊಮ್ಮೆ ಬರುತ್ತದೆ, ಅದನ್ನು ಅದೇ ಮಳಿಗೆಯಲ್ಲಿ ಬಳಸಬೇಕು. ಮಕ್ಕಳಿರುವ, ನಾಲ್ಕೈದು ಜನರ ಮನೆಗೆ ಇದು ಒಪ್ಪುತ್ತದೆ. ಟೈರು, ಫ್ರಿಜ್, ಪ್ರವಾಸದ ಪ್ಯಾಕೇಜಿನಂತಹ ದೊಡ್ಡ ಖರೀದಿ ಬರಲಿರುವ ವರ್ಷದಲ್ಲಿ ಮಾತ್ರ ಮೇಲ್ದರ್ಜೆಗೆ ಹೋಗಿ, ಮುಂದಿನ ವರ್ಷ ಮತ್ತೆ ಸಾಮಾನ್ಯ ಸದಸ್ಯತ್ವಕ್ಕೆ ಬರುವುದಕ್ಕೂ ಅಡ್ಡಿಯಿಲ್ಲ. ತಿಂಗಳಿಗೆ 271 ಡಾಲರ್ ಮುಟ್ಟಿಸಬೇಕೆಂದು ಬೇಡದ ಸಾಮಾನನ್ನು ಗಾಡಿಗೆ ಹಾಕಬೇಡಿ. ಎರಡು ಡಾಲರ್ ಮರಳಿ ಬರಲೆಂದು ನೂರು ಡಾಲರ್ ಕಳೆದುಕೊಂಡಂತಾಗುತ್ತದೆ.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಮ್ಮದು ಪೂರ್ತಿ ಸಸ್ಯಾಹಾರಿ ಅಡುಗೆಮನೆ, ನಾಲ್ಕು ಜನ. ತಂದ ಸೊಪ್ಪು ಕೊಳೆಯುತ್ತದೆ, ಬಾದಾಮಿ ವಾಸನೆ ಬರುತ್ತದೆ. ಯಾವುದನ್ನು ಕಾಸ್ಟ್‌ಕೋದಲ್ಲಿ ಕೊಳ್ಳಬೇಕು, ಯಾವುದನ್ನು ಇಂಡಿಯನ್ ಸ್ಟೋರಿನಲ್ಲಿ?

ಉತ್ತರ: ಬಂದ ಪತ್ರಗಳಲ್ಲೆಲ್ಲ ಬಹಳ ಮುಖ್ಯವಾದ ಪ್ರಶ್ನೆ ಇದು, ಏಕೆಂದರೆ ಸದಸ್ಯತ್ವದ ಲಾಭ ನಷ್ಟ ತೀರ್ಮಾನವಾಗುವುದು ಅಡುಗೆಮನೆಯಲ್ಲಿ. ಬೆಲೆಚೀಟಿಯಲ್ಲಿ ಪೌಂಡಿಗೆ ಅಥವಾ ಔನ್ಸಿಗೆ ಎಷ್ಟು ಎಂಬ ದರವಿರುತ್ತದೆ, ಅದನ್ನು ನೋಡುವ ಅಭ್ಯಾಸ ಒಳ್ಳೆಯದು. ಆದರೆ ನಮಗೆ ಬೇಕಾದದ್ದು ಕೊಂಡ ಪೌಂಡಿನ ದರವಲ್ಲ, ತಿಂದ ಪೌಂಡಿನ ದರ. 5 ಪೌಂಡಿನ ತರಕಾರಿ ಚೀಲವನ್ನು 6 ಡಾಲರಿಗೆ ತಂದರೆ ಪೌಂಡಿಗೆ 1.20, ಪಕ್ಕದ ಅಂಗಡಿಯಲ್ಲಿ ಅದೇ ತರಕಾರಿ ಪೌಂಡಿಗೆ 2 ಡಾಲರ್. ಚೀಲದಲ್ಲಿ ಅರ್ಧ ಕೊಳೆತು ಕಸಕ್ಕೆ ಹೋದರೆ, ತಿಂದ ತರಕಾರಿಗೆ ನೀವು ಕೊಟ್ಟದ್ದು ಪೌಂಡಿಗೆ 2.40. ಅಗ್ಗದ್ದೆಂದು ತಂದದ್ದೇ ದುಬಾರಿಯಾಯಿತು.

ನಮ್ಮ ಅಡುಗೆಗೆ ಅಲ್ಲಿ ಸಿಗುವ ಅತ್ಯುತ್ತಮ ಸಾಮಾನು ಉಪ್ಪಿಲ್ಲದ ಬೆಣ್ಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೊಂದು ಪೌಂಡಿನ ನಾಲ್ಕು ಪೊಟ್ಟಣಗಳ ಕಟ್ಟಿನಲ್ಲಿ 1.8 ಕಿಲೋ ಬೆಣ್ಣೆ ಇರುತ್ತದೆ. ಅಮೆರಿಕದಲ್ಲಿ ಬೆಣ್ಣೆ ಎಂದು ಮಾರಬೇಕಾದರೆ ಅದರಲ್ಲಿ ಶೇ 80ಕ್ಕೆ ಕಡಿಮೆಯಿಲ್ಲದಂತೆ ಹಾಲಿನ ಕೊಬ್ಬು ಇರಲೇಬೇಕೆಂದು ಕಾನೂನಿದೆ; ಹಾಗಾಗಿ ಒಂದು ಕಟ್ಟನ್ನು ಹದವಾದ ಉರಿಯಲ್ಲಿ ಕಾಯಿಸಿದರೆ ಸುಮಾರು 1.4 ಕಿಲೋ ತುಪ್ಪ ಸಿಗುತ್ತದೆ. ಆ ತೂಕದ ಸಿದ್ಧ ತುಪ್ಪದ ಬೆಲೆಯೊಂದಿಗೆ ಒಮ್ಮೆ ಹೋಲಿಸಿ ನೋಡಿ. ಕಾಯಿಸುವಾಗ ಒಂದು ವೀಳ್ಯದೆಲೆಯೋ ನಾಲ್ಕು ಕಾಳು ಮೆಂತ್ಯವೋ ಹಾಕಿದರೆ ಊರಿನ ತುಪ್ಪದ ಘಮವೇ ಬರುತ್ತದೆ. ಕೂಡಲೇ ಕಾಯಿಸಲಾಗದ ಪೊಟ್ಟಣಗಳನ್ನು ಫ್ರೀಜರಿನಲ್ಲಿಟ್ಟರೆ ಹಲವು ತಿಂಗಳು ಕೆಡುವುದಿಲ್ಲ.

ಗ್ಯಾಲನ್ ಹಾಲು ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವವರಿಗೆ ಮಾತ್ರ ಲಾಭ. ಬಾದಾಮಿ, ಗೋಡಂಬಿ, ಅಕ್ರೋಟುಗಳಲ್ಲಿ ಬೆಲೆಯ ಅಂತರ ಚೆನ್ನಾಗಿದೆ, ಆದರೆ ಅವುಗಳಲ್ಲಿರುವ ಎಣ್ಣೆ ಗಾಳಿ ಮತ್ತು ಬಿಸಿಗೆ ಕೆಟ್ಟು ಕಮಟು ವಾಸನೆ ಹಿಡಿಯುತ್ತದೆ. ನಿಮ್ಮ ಬಾದಾಮಿಗೆ ಆಗಿರುವುದೂ ಅದೇ. ಮೂರು ಪೌಂಡಿನ ಚೀಲವನ್ನು ಒಡೆದ ದಿನವೇ ತಿಂಗಳಿಗೆ ಬೇಕಾದಷ್ಟನ್ನು ಡಬ್ಬಿಗೆ ಹಾಕಿ, ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಪಾಲಕ್ ಸೊಪ್ಪನ್ನು ತಂದ ದಿನವೇ ಅರ್ಧ ಬೇಯಿಸಿ, ರುಬ್ಬಿ, ಚಿಕ್ಕ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿಟ್ಟುಕೊಂಡರೆ ವಾರದ ಮಧ್ಯದ ಹುಳಿಗೋ ಪಲ್ಯಕ್ಕೋ ಆಗುತ್ತದೆ. ಅಷ್ಟು ಸಮಯವಿಲ್ಲ ಎನ್ನುವವರು ಸೊಪ್ಪಿನ ದೊಡ್ಡ ಡಬ್ಬಿಯನ್ನು ತರದಿರುವುದೇ ಒಳ್ಳೆಯದು.

ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಹುಣಿಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ತೆಂಗಿನತುರಿ ಇವಕ್ಕೆ ಇಂಡಿಯನ್ ಸ್ಟೋರೇ ಸರಿ. ನಿಮ್ಮ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಅಂಗಡಿಗಳ ನಡುವೆ ಪೈಪೋಟಿ ಇರುವುದರಿಂದ ಬೆಲೆಯೂ ಹಿಡಿತದಲ್ಲಿರುತ್ತದೆ. ಮೆಣಸು, ಚಕ್ಕೆ, ಅರಿಸಿನಗಳ ದಪ್ಪ ಡಬ್ಬಿಗಳನ್ನು ಎಲ್ಲಿಯೂ ಕೊಳ್ಳಬೇಡಿ. ಮುಗಿಯುವ ಮೊದಲೇ ಅವುಗಳ ಘಮ ಹೋಗಿರುತ್ತದೆ. ಪಾತ್ರೆ ತೊಳೆಯುವ ಸಾಬೂನು, ಬಟ್ಟೆ ಒಗೆಯುವ ಪುಡಿ, ಟಿಶ್ಯೂ, ಕಸದ ಚೀಲ ಇವು ಕೆಡುವ ವಸ್ತುಗಳಲ್ಲ. ಮನೆಯಲ್ಲಿ ಜಾಗವಿದ್ದರೆ ಕಣ್ಣು ಮುಚ್ಚಿ ತರಬಹುದು.

ಪ್ರಶ್ನೆ (ಆರ್ಲಿಂಗ್ಟನ್, ಟೆಕ್ಸಸ್): ಒಂದೇ ಅಪಾರ್ಟ್‌ಮೆಂಟಿನಲ್ಲಿರುವ ಮೂವರು ವಿದ್ಯಾರ್ಥಿಗಳು ನಾವು. ಒಂದು ಕಾರ್ಡನ್ನು ಮೂವರೂ ಬಳಸಬಹುದೇ?

ಉತ್ತರ: ಒಂದು ಸದಸ್ಯತ್ವದೊಂದಿಗೆ, ಅದೇ ವಿಳಾಸದಲ್ಲಿ ವಾಸಿಸುವ ಇನ್ನೊಬ್ಬರಿಗೆ ಉಚಿತವಾಗಿ ಹೌಸ್‌ಹೋಲ್ಡ್ ಕಾರ್ಡು ಕೊಡುತ್ತಾರೆ. ಹಾಗಾಗಿ ನಿಮ್ಮಲ್ಲಿ ಇಬ್ಬರಿಗೆ ಕಾರ್ಡು ಸಿಗುತ್ತದೆ. ಮೂರನೆಯವರು ಅತಿಥಿಯಾಗಿ ಜೊತೆಗೆ ಬರಬಹುದು, ಹಣ ಮಾತ್ರ ಕಾರ್ಡುದಾರರೇ ಕಟ್ಟಬೇಕು. ಒಬ್ಬರ ಕಾರ್ಡನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸುವುದು ನಿಯಮಕ್ಕೆ ವಿರುದ್ಧ. ಪ್ರವೇಶದ್ವಾರದಲ್ಲೇ ಕಾರ್ಡನ್ನು ಸ್ಕ್ಯಾನ್ ಮಾಡಿ ಫೋಟೋ ನೋಡುತ್ತಾರೆ. ಮಳಿಗೆಯಲ್ಲಿ ಕ್ರೆಡಿಟ್ ಕಾರ್ಡುಗಳ ಪೈಕಿ ವೀಸಾ ಮಾತ್ರ ನಡೆಯುತ್ತದೆ, ಡೆಬಿಟ್ ಕಾರ್ಡು ಮತ್ತು ನಗದು ನಡೆಯುತ್ತವೆ. ಲ್ಯಾಪ್‌ಟಾಪ್ ಕೊಳ್ಳುವುದಿದ್ದರೆ ಎರಡು ಸಂಗತಿ ನೆನಪಿಡಿ: ಕಂಪ್ಯೂಟರು, ಟಿ.ವಿ.ಗಳನ್ನು ಹಿಂತಿರುಗಿಸಲು 90 ದಿನಗಳ ಗಡುವಿದೆ, ಮತ್ತು ಅವುಗಳ ವಾರಂಟಿಯನ್ನು ಕಾಸ್ಟ್‌ಕೋ ಎರಡು ವರ್ಷಕ್ಕೆ ವಿಸ್ತರಿಸುತ್ತದೆ. ಕೊಂಡ 30 ದಿನಗಳೊಳಗೆ ಅಲ್ಲಿ ಬೆಲೆ ಇಳಿದರೆ ಅಂತರವನ್ನು ಕೇಳಿ ಪಡೆಯಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಪ್ರಶ್ನೆ (ಸಿಯಾಟಲ್): ಮೈಸೂರಿನಿಂದ ಅಪ್ಪ ಅಮ್ಮ ಐದು ತಿಂಗಳಿಗೆಂದು ಬಂದಿದ್ದಾರೆ. ಅಪ್ಪನಿಗೆ ಕಿವಿ ಮಂದವಾಗಿದೆ. ಕಾಸ್ಟ್‌ಕೋದಲ್ಲಿ ಶ್ರವಣ ಸಾಧನ ಅಗ್ಗವೆಂದು ಕೇಳಿದೆ. ಇಲ್ಲೇ ಕೊಡಿಸಲೇ?

ಉತ್ತರ: ಸದಸ್ಯರಿಗೆ ಅಲ್ಲಿ ಶ್ರವಣ ಪರೀಕ್ಷೆ ಉಚಿತ, ಸಾಧನಗಳ ಜೋಡಿ ಸುಮಾರು 1,500ರಿಂದ 1,600 ಡಾಲರಿಗೆ ಸಿಗುತ್ತದೆ, ಅಮೆರಿಕದ ಖಾಸಗಿ ಚಿಕಿತ್ಸಾಲಯಗಳ ಬೆಲೆಗೆ ಹೋಲಿಸಿದರೆ ಇದು ಬಹಳ ಕಡಿಮೆ. ಅಮೆರಿಕದಲ್ಲೇ ವಾಸಿಸುವ ಹಿರಿಯರಿಗಾದರೆ ನಾನು ಕೂಡಲೇ ಹೌದೆನ್ನುತ್ತಿದ್ದೆ. ನಿಮ್ಮ ತಂದೆಯವರ ವಿಷಯದಲ್ಲಿ ಬೇಡವೆನ್ನುತ್ತೇನೆ. ಶ್ರವಣ ಸಾಧನವನ್ನು ಕಿವಿಗೆ ಹಾಕಿದ ಮೇಲೆ ಅದನ್ನು ಹಲವು ಬಾರಿ ಹೊಂದಿಸಬೇಕಾಗುತ್ತದೆ, ಮುಂದೆ ಕಿವಿಯ ಶಕ್ತಿ ಬದಲಾದಂತೆ ಮತ್ತೆ ಹೊಂದಿಸಬೇಕಾಗುತ್ತದೆ. ಐದು ತಿಂಗಳ ನಂತರ ಮೈಸೂರಿನಲ್ಲಿ ಆ ಕೆಲಸವನ್ನು ಮಾಡಿಕೊಡುವವರು ಯಾರು ಎಂಬುದೇ ಪ್ರಶ್ನೆ. ನಿಮ್ಮ ಪುಣ್ಯಕ್ಕೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ತಂದೆಯವರು ಊರಿಗೆ ಮರಳಿದ ಮೇಲೆ ಅಲ್ಲಿ ಪರೀಕ್ಷೆ ಮಾಡಿಸಿ, ಅಲ್ಲಿಯೇ ಸಾಧನ ಪಡೆದರೆ, ಹೊಂದಿಸುವ ಕೈಗಳೂ ಹತ್ತಿರದಲ್ಲೇ ಇರುತ್ತವೆ, ಅವರೊಡನೆ ಕನ್ನಡದಲ್ಲಿ ಮಾತನಾಡುವವರೂ ಇರುತ್ತಾರೆ.

ಇನ್ನೊಂದು ಮಾತು. ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಗಳನ್ನು ಕಾಸ್ಟ್‌ಕೋ ಫಾರ್ಮಸಿಯಲ್ಲಿ ಕೊಳ್ಳಲು ಸದಸ್ಯತ್ವ ಬೇಕಿಲ್ಲ. ಆದರೆ ಮೈಸೂರಿನ ವೈದ್ಯರ ಚೀಟಿ ಅಲ್ಲಿ ನಡೆಯುವುದಿಲ್ಲವಾದ್ದರಿಂದ, ದಿನನಿತ್ಯದ ಮಾತ್ರೆಗಳನ್ನು ಐದು ತಿಂಗಳಿಗೂ ಸಾಲುವಷ್ಟು ಊರಿನಿಂದಲೇ ತರುವುದು ಕ್ಷೇಮ.

ಪ್ರಶ್ನೆ (ರಾಜಾಜಿನಗರ, ಬೆಂಗಳೂರು): ನಾನು ಚಿಕ್ಕ ಮೆಸ್ ನಡೆಸುತ್ತೇನೆ. ನಮ್ಮಲ್ಲಿ ಇಂತಹ ಸದಸ್ಯತ್ವ ಇದೆಯೇ?

ಉತ್ತರ: ಮನೆಬಳಕೆಯವರು ಶುಲ್ಕ ಕಟ್ಟಿ ಸೇರುವ ಕಾಸ್ಟ್‌ಕೋ ಮಾದರಿಯ ಮಳಿಗೆ ನಮ್ಮಲ್ಲಿಲ್ಲ. 2003ರಲ್ಲಿ ಬೆಂಗಳೂರಿನಿಂದಲೇ ಭಾರತದ ವಹಿವಾಟು ಆರಂಭಿಸಿ, 2023ರಲ್ಲಿ ರಿಲಯನ್ಸ್ ರೀಟೇಲ್ ಕೈಸೇರಿದ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ವ್ಯಾಪಾರಸ್ಥರಿಗೆಂದು ಹುಟ್ಟಿದ ಸಗಟು ಮಳಿಗೆ. ಮೆಸ್ಸಿನ ಪರವಾನಗಿಯ ದಾಖಲೆಗಳಿದ್ದರೆ ಅಲ್ಲಿ ವಿಚಾರಿಸಬಹುದು. ಆದರೆ ಬೆಲೆ ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ನೋಡಿ. ಶೇ 5ರ ಜಿಎಸ್‌ಟಿಯಲ್ಲಿ ಊಟ ಮಾರುವವರಿಗೆ, ಸಾಮಾನಿನ ಮೇಲೆ ಕಟ್ಟಿದ ತೆರಿಗೆ ಮರಳಿ ಸಿಗುವುದಿಲ್ಲ. 2022ರ ಜುಲೈ 18ರಿಂದ ಬಂದ ನಿಯಮದಂತೆ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಬೇಳೆಯ ಚೀಲಕ್ಕೆ ಶೇ 5 ತೆರಿಗೆಯಿದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಆದ್ದರಿಂದ ಅಕ್ಕಿ ಬೇಳೆಗಳನ್ನು ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಯಲ್ಲಿ ದೊಡ್ಡ ಚೀಲದ ಲೆಕ್ಕದಲ್ಲಿ ವಿಚಾರಿಸಿ, ಎಣ್ಣೆ, ಸಾಬೂನು, ಪೊಟ್ಟಣದ ಸಾಮಾನುಗಳಿಗೆ ಮಾತ್ರ ಸಗಟು ಮಳಿಗೆಯ ದರವನ್ನು ನೋಡುವುದು ನಿಮಗೆ ಅನುಕೂಲ.