ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಹೋರಾಟಗಾರ್ತಿ ಅಂತ ಯಾಕೆ ಕರೀತಾರೆ?

ಕರಕುಶಲ ವಸ್ತುಗಳ ವಿಷಯ ಬಂದಾಗ ಮಾತ್ರ ಅವರ ಹೆಸರು ಕೇಳಿದ್ದೀನಿ, ಅದರಲ್ಲಿ ಹೋರಾಟ ಎಲ್ಲಿ ಬಂತು ಅಂತ ಕೇಳಿದ್ದೀರಿ. ಧಾರವಾಡದಲ್ಲಿ ಕಸೂತಿ ಹಾಕುವ ಹೆಣ್ಣುಮಕ್ಕಳ ಒಂದು ಸಣ್ಣ ಗುಂಪಿದೆ, ಅದರ ಲೆಕ್ಕ ಬರೆಯುವವಳು ನಾನು. ಹಾಗಾಗಿ ಈ ಪ್ರಶ್ನೆಗೆ ಸುಮ್ನೆ ಇರಲು ಆಗಲಿಲ್ಲ.

ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1903ರಲ್ಲಿ. ಬಾಲ್ಯದಲ್ಲೇ ಮದುವೆ, ಬೇಗನೆ ವಿಧವೆ. ಆ ಕಾಲದಲ್ಲಿ ಅಂಥ ಹುಡುಗಿಯ ಬದುಕು ಅಡುಗೆಮನೆಯ ಮೂಲೆಗೆ ಸೇರಬೇಕಿತ್ತು, ಅಲ್ವಾ? ಅವರು ಓದಿದರು, ಕವಿ ಹರೀಂದ್ರನಾಥರನ್ನು ಮದುವೆಯಾದರು, ನಾಟಕ ಆಡಿದರು, 1926ರಲ್ಲಿ ಮದ್ರಾಸಿನ ಶಾಸನಸಭೆಗೆ ಚುನಾವಣೆಗೂ ನಿಂತು ಸ್ವಲ್ಪದರಲ್ಲಿ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ. ಹೆಂಗಸರನ್ನು ಯಾಕೆ ಹೊರಗಿಡುತ್ತೀರಿ ಅಂತ ಗಾಂಧೀಜಿಯವರ ಹತ್ತಿರವೇ ವಾದ ಮಾಡಿದರು. ಬೊಂಬಾಯಿಯಲ್ಲಿ ಉಪ್ಪಿನ ಪೊಟ್ಟಣ ಮಾರಿ ಜೈಲಿಗೂ ಹೋದರು.

ನನಗೆ ಜಾಸ್ತಿ ಹಿಡಿಸುವುದು ಆಮೇಲಿನ ಕಥೆ. ದೇಶ ಒಡೆದು ವಾಯವ್ಯ ಗಡಿಯಿಂದ ಸಾವಿರಾರು ಜನ ಎಲ್ಲ ಕಳೆದುಕೊಂಡು ಬಂದಾಗ, 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಕಟ್ಟಿ, ಫರೀದಾಬಾದಿನಲ್ಲಿ ಆ ಜನರೇ ದುಡಿದು ತಮ್ಮ ಊರು ಕಟ್ಟಿಕೊಳ್ಳುವಂತೆ ಮಾಡಿದರು. ದಾನ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಕೈಗೆ ಕೆಲಸ ಕೊಟ್ಟರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದ ಮೇಲೂ ಇದೇ ದಾರಿ. ಹಳ್ಳಿಹಳ್ಳಿ ಸುತ್ತಿ ನೇಕಾರರು, ಕುಂಬಾರರು, ಕಸೂತಿಯವರನ್ನು ಹುಡುಕಿದರು. ಸರಕಾರ ಒಂದೇ ಸಾಲದು ಅಂತ 1964ರಲ್ಲಿ ಮದ್ರಾಸಿನಲ್ಲಿ ಭಾರತೀಯ ಕರಕುಶಲ ಪರಿಷತ್ತು ಶುರು ಮಾಡಿದರು, ಅದು ಸ್ವಯಂಸೇವಾ ಸಂಸ್ಥೆ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರಲ್ಲಿ ತೀರಿಕೊಳ್ಳುವವರೆಗೂ ಕರಕುಶಲ ಕೆಲಸದವರ ಜೊತೆ ಬಿಡಲಿಲ್ಲ.

ಉಪ್ಪು ಮಾರಿದ್ದು ಬೇರೆ, ಕಲೆಗೆ ದುಡಿದದ್ದು ಬೇರೆ ಅಂತ ನನಗೆ ಅನ್ನಿಸುವುದೇ ಇಲ್ಲ. ಎರಡರಲ್ಲೂ ಕೇಳಿದ್ದು ಒಂದೇ, ದುಡಿಯುವವರಿಗೆ ಅವರ ದುಡಿಮೆಯ ಬೆಲೆ ಸಿಗಬೇಕು ಅಂತ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ, ಗಂಟಿಲ್ಲದೆ. ಅದರಲ್ಲಿ ಗವಂತಿ ಅನ್ನುವ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಇಡೀ ಸೀರೆಗೆ ತಿಂಗಳುಗಟ್ಟಲೆ ಬೇಕು. ಆದರೂ ಗಿರಾಕಿಗಳು "ಮೆಷಿನ್‌ದು ಇಷ್ಟಕ್ಕೇ ಸಿಗತದಲ್ರಿ" ಅಂತಾರೆ. ಮೊದಲು ಅದನ್ನು ಕೇಳಿ ನಾವೇ ಬೆಲೆ ಇಳಿಸುತ್ತಿದ್ದೆವು. ಕಮಲಾದೇವಿಯವರ ಬಗ್ಗೆ ಓದಿದ ಮೇಲೆ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲಿಗೆ ಕೂತ ದಿನಗಳ ಕೂಲಿ ಬರೆಯುತ್ತೇನೆ, ದಾರ, ಬಟ್ಟೆ ಆಮೇಲೆ. ಆ ಮೊದಲ ಸಾಲಿನಲ್ಲಿ ಚೌಕಾಸಿ ಇಲ್ಲ.